ಕೊಯ್ದ ಮರ, ಅಳಿಸಿದ ಅಂಕಿ: ಹಳೆಯ ಸೇನಾ ರೈಫಲ್‌ಗಳ ಮೇಲೆ ಯಾರ ಕೈ ಎಷ್ಟು ಆಡಬಹುದು?

1950 ಮತ್ತು 60ರ ದಶಕಗಳಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಸೇನೆ ಮಾರಿಬಿಟ್ಟ ರೈಫಲ್ ಕೊಂಡವನು ಮನೆಗೆ ತಂದ ಮೊದಲ ವಾರದಲ್ಲೇ ಗರಗಸ ಕೈಗೆತ್ತಿಕೊಳ್ಳುತ್ತಿದ್ದ. ನಳಿಗೆಯ ತುದಿಯವರೆಗೆ ಹಬ್ಬಿದ್ದ ಮರವನ್ನು ಅರ್ಧಕ್ಕೆ ಕೊಯ್ದು ಎಸೆಯುವುದು ಆಗ ಸಾಮಾನ್ಯ ಕೆಲಸ. ಇಂದು ಅದೇ ರೈಫಲ್‌ಗಳ ಈಗಿನ ಮಾಲೀಕರು ಆ ಮರಕ್ಕಾಗಿ, ಅದನ್ನು ನಳಿಗೆಗೆ ಬಿಗಿದಿಡುತ್ತಿದ್ದ ಕಬ್ಬಿಣದ ಪಟ್ಟಿಗಳಿಗಾಗಿ ಹರಾಜುಗಳಲ್ಲಿ ಪೈಪೋಟಿ ನಡೆಸುತ್ತಿದ್ದಾರೆ. ಹಿಂದೆ ಕಸವೆನಿಸಿದ್ದ ಬಿಡಿಭಾಗಕ್ಕೆ ಈಗ ಬೆಲೆ ಬಂದಿದೆ. ಬೆಲೆ ಬಂದಲ್ಲಿ ನಕಲೂ ಬಂದಿದೆ. ಈ ರೈಫಲ್‌ಗಳನ್ನು ಮೊದಲಿನಂತೆ ಉಳಿಸಬೇಕೋ, ಇಷ್ಟಬಂದಂತೆ ಮಾರ್ಪಡಿಸಬಹುದೋ, ಮಾರುವಾಗ ಏನನ್ನು ಹೇಳಲೇಬೇಕು ಎಂಬ ಪ್ರಶ್ನೆಗಳು ಸಂಗ್ರಾಹಕರನ್ನೂ ಗುರಿಕಾರರನ್ನೂ ಕಾನೂನು ಮಾಡುವವರನ್ನೂ ಒಟ್ಟಿಗೆ ಕಾಡುತ್ತಿವೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಕ್ಕೆ ತಿರುಗಿಸಲಾಗದ ಮಾರ್ಪಾಡುಗಳ ಕಾಲ ಮುಗಿದಿದೆ. ಆದರೆ ಮಾರ್ಪಾಡೆಲ್ಲವೂ ಹಾಳುಗೆಡವಿದ ಕೆಲಸವಲ್ಲ. ಕೆಲವು ಮಾರ್ಪಾಡುಗಳು ತಾವೇ ಕಾಪಾಡಬೇಕಾದ ಇತಿಹಾಸ. ಇವೆರಡರ ನಡುವಿನ ವ್ಯತ್ಯಾಸವನ್ನು ಮಾರುಕಟ್ಟೆಯೂ ಸರಿಯಾಗಿ ಗುರುತಿಸುತ್ತಿಲ್ಲ, ಕಾನೂನೂ ಗುರುತಿಸುತ್ತಿಲ್ಲ.

ಇಷ್ಟೊಂದು ರೈಫಲ್‌ಗಳು ಬಂದದ್ದಾದರೂ ಎಲ್ಲಿಂದ? ಎರಡು ಮಹಾಯುದ್ಧಗಳು ತಯಾರಿಸಿದ ಸಂಖ್ಯೆಗಳೇ ಅಂಥವು. ಬ್ರಿಟನ್ನಿನ ಲೀ-ಎನ್‌ಫೀಲ್ಡ್ ಎಲ್ಲ ಮಾದರಿಗಳೂ ಸೇರಿ ಸುಮಾರು 1.7 ಕೋಟಿ, ಜರ್ಮನಿಯ ಕಾರ್98ಕೆ 1.4 ಕೋಟಿಗೂ ಹೆಚ್ಚು, ರಷ್ಯಾದ ಮೋಸಿನ್-ನಗಾಂಟ್ ಸುಮಾರು 3.7 ಕೋಟಿ, ಅಮೆರಿಕದ ಎಂ1 ಗ್ಯಾರಂಡ್ 50 ಲಕ್ಷಕ್ಕೂ ಮೇಲೆ. ಯುದ್ಧ ಮುಗಿದು ಸೇನೆಗಳು ತಾನಾಗಿ ಗುಂಡು ತುಂಬಿಕೊಳ್ಳುವ ಹೊಸ ರೈಫಲ್‌ಗಳತ್ತ ಹೊರಳಿದಾಗ, ಗ್ಯಾರಂಡ್ ಬಿಟ್ಟರೆ ಒಂದೊಂದು ಗುಂಡಿಗೂ ಬೋಲ್ಟನ್ನು, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಸರಳನ್ನು, ಕೈಯಿಂದ ಎಳೆಯಬೇಕಾದ ಈ ಹಳೆಯ ರಾಶಿ ಸರ್ಕಾರಗಳಿಗೆ ಹೊರೆಯಾಯಿತು. ಆ ಹೊರೆಯನ್ನು ಸಗಟಾಗಿ ಕೊಂಡವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಸ್ಯಾಮ್ಯುಯೆಲ್ ಕಮಿಂಗ್ಸ್. 1953ರಲ್ಲಿ ಇಂಟರಾರ್ಮ್ಸ್ ಕಂಪನಿಯನ್ನು ಕಟ್ಟಿ, ದೇಶದೇಶಗಳ ಶಸ್ತ್ರಾಗಾರಗಳನ್ನು ಖಾಲಿ ಮಾಡಿಸಿ, ವರ್ಜೀನಿಯಾದ ಅಲೆಕ್ಸಾಂಡ್ರಿಯಾದ ಗೋದಾಮುಗಳಲ್ಲಿ ತುಂಬಿಸಿ ಆತ ಚಿಲ್ಲರೆ ಬೆಲೆಗೆ ಮಾರಿದ. ಅಂಚೆಯಲ್ಲಿ ಹಣ ಕಳಿಸಿದರೆ ರೈಫಲ್ ಮನೆಬಾಗಿಲಿಗೆ ಬರುತ್ತಿದ್ದ ಕಾಲ ಅದು.

ಆ ವ್ಯವಸ್ಥೆಯ ಅಪಾಯ 1963ರಲ್ಲಿ ಜಗತ್ತಿನ ಕಣ್ಣಿಗೆ ಬಿತ್ತು. ಅಧ್ಯಕ್ಷ ಕೆನಡಿಯವರ ಹತ್ಯೆಗೆ ಬಳಕೆಯಾದದ್ದು ಇಟಲಿಯ ಸೇನೆ ಕೈಬಿಟ್ಟಿದ್ದ ಕಾರ್ಕಾನೊ ರೈಫಲ್. ಟೆಲಿಸ್ಕೋಪ್ ಜೋಡಿಸಿದ ಆ ರೈಫಲ್ಲನ್ನು ಸುಳ್ಳು ಹೆಸರಿನಲ್ಲಿ ಅಂಚೆಯ ಮೂಲಕ ತರಿಸಿಕೊಂಡದ್ದು. ಜಾಹೀರಾತಿನ ಬೆಲೆ 19.95 ಡಾಲರ್. 1968ರ ಬಂದೂಕು ನಿಯಂತ್ರಣ ಕಾಯ್ದೆ ಅಂಚೆ ಮಾರಾಟವನ್ನೂ ಸೇನಾ ರೈಫಲ್‌ಗಳ ಆಮದನ್ನೂ ನಿಲ್ಲಿಸಿತು. 1984ರಲ್ಲಿ ಸಂಗ್ರಹಯೋಗ್ಯ ಹಳೆಯ ಆಯುಧಗಳಿಗೆ ಮಾತ್ರ ಆಮದಿನ ಬಾಗಿಲು ಮತ್ತೆ ತೆರೆಯಿತು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಆ ಬಾಗಿಲಿನಿಂದ ಮೋಸಿನ್‌ಗಳು ಪೆಟ್ಟಿಗೆಗಟ್ಟಲೆ ಹರಿದು ಬಂದವು. ಒಂದು ಒಳ್ಳೆಯ ಬೂಟಿನ ಬೆಲೆಗೆ ಒಂದು ರೈಫಲ್ ಸಿಗುತ್ತಿದ್ದ ಆ ವರ್ಷಗಳೇ ಇಂದಿನ ಬಹುಪಾಲು ಸಂಗ್ರಾಹಕರನ್ನು ಈ ಹವ್ಯಾಸಕ್ಕೆ ಎಳೆದದ್ದು.

ಈಗ ಆ ಹರಿವು ಬತ್ತಿದೆ. ಯುರೋಪಿನ ಭದ್ರತಾ ಮತ್ತು ಸಹಕಾರ ಸಂಘಟನೆ 2000ದಲ್ಲಿ ಒಪ್ಪಿಕೊಂಡ ದಾಖಲೆಯ ಪ್ರಕಾರ ಸೇನೆಗೆ ಬೇಡವಾದ ಸಣ್ಣ ಆಯುಧಗಳನ್ನು ಮಾರುವುದಕ್ಕಿಂತ ನಾಶಮಾಡುವುದೇ ಉತ್ತಮ ದಾರಿ. ಅದರ ನಂತರ ಯುರೋಪಿನ ಎಷ್ಟೋ ಶಸ್ತ್ರಾಗಾರಗಳ ಸರಕು ನೇರವಾಗಿ ಕುಲುಮೆಗೆ ಹೋಯಿತು. 2013ರಲ್ಲಿ ಅಮೆರಿಕದ ಆಡಳಿತ, ತನ್ನದೇ ಸೇನೆ ಮಿತ್ರರಾಷ್ಟ್ರಗಳಿಗೆ ಕೊಟ್ಟಿದ್ದ ರೈಫಲ್‌ಗಳನ್ನು ಖಾಸಗಿ ವ್ಯಾಪಾರಿಗಳು ಮರಳಿ ತರದಂತೆ ತಡೆಯಿತು. 2021ರ ಸೆಪ್ಟೆಂಬರಿನಿಂದ ರಷ್ಯಾದ ಮದ್ದುಗುಂಡುಗಳ ಆಮದಿಗೂ ಅಲ್ಲಿ ನಿರ್ಬಂಧ ಬಿತ್ತು. ನೇಪಾಳದ ರಾಜಮನೆತನದ ಶಸ್ತ್ರಾಗಾರದಿಂದ 2003ರಲ್ಲಿ ಹೊರಬಿದ್ದ ಮಾರ್ಟಿನಿ-ಹೆನ್ರಿ, ಸ್ನೈಡರ್ ಬಂದೂಕುಗಳಂಥ ನಿಧಿಗಳು ಆಗೊಮ್ಮೆ ಈಗೊಮ್ಮೆ ಸಿಕ್ಕವು. ಅಂಥವು ಇನ್ನೆಷ್ಟು ಉಳಿದಿದ್ದಾವು? ಬರುವುದು ನಿಂತ ಮೇಲೆ, ಇರುವುದನ್ನು ಕೊಯ್ಯುವ ಕೈಗೆ ಹೊಣೆ ಹೆಚ್ಚು.

ಹಾಗೆಂದು ಅಂದು ಗರಗಸ ಹಿಡಿದವರನ್ನು ಹಳಿಯುವುದು ನ್ಯಾಯವಲ್ಲ. ಕಾಡಿನಲ್ಲಿ ದಿನವಿಡೀ ಹೊತ್ತು ನಡೆಯಬೇಕಾದ ಬೇಟೆಗಾರನಿಗೆ ನಾಲ್ಕು ಕಿಲೋ ತೂಗುವ, ಕತ್ತಿ ಸಿಕ್ಕಿಸಲು ಕೊಕ್ಕೆಯಿರುವ ಸೇನಾ ರೈಫಲ್ ಬೇಕಿರಲಿಲ್ಲ. ಅಂಗಡಿಯ ಹೊಸ ಬೇಟೆ ರೈಫಲ್ ಅವನ ಕೈಗೆಟುಕುತ್ತಿರಲಿಲ್ಲ. ಮರ ಕೊಯ್ದ, ನಳಿಗೆ ಗಿಡ್ಡ ಮಾಡಿದ, ಟೆಲಿಸ್ಕೋಪ್ ಕೂರಿಸಲು ರಿಸೀವರಿಗೆ (ನಳಿಗೆಯನ್ನೂ ಬೋಲ್ಟನ್ನೂ ಹಿಡಿದಿಡುವ ಲೋಹದ ಚೌಕಟ್ಟಿಗೆ) ತೂತು ಕೊರೆಸಿದ, ಬೋಲ್ಟಿನ ನೆಟ್ಟಗಿನ ಹಿಡಿಯನ್ನು ಕಾಯಿಸಿ ಬಗ್ಗಿಸಿದ. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್‌ನಂಥ ಕಂಪನಿಗಳು ಇದೇ ಕೆಲಸವನ್ನು ಕಾರ್ಖಾನೆಯಲ್ಲಿ ಅಚ್ಚುಕಟ್ಟಾಗಿ ಮಾಡಿ ಮಾರಿದವು. ಕೋಟಿಗಟ್ಟಲೆ ಇದ್ದ ವಸ್ತು ಒಂದು ದಿನ ಅಪರೂಪವಾದೀತೆಂದು ಆಗ ಯಾರಿಗೂ ಹೊಳೆಯುವಂತಿರಲಿಲ್ಲ.

ಕಳೆದುಹೋದದ್ದು ಏನೆಂದು ತಿಳಿಯಬೇಕಾದರೆ ಹಳೆಯ ರೈಫಲ್ಲನ್ನು ಓದಲು ಕಲಿಯಬೇಕು. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದೇ ಈ ಓದು. ಸ್ವೀಡನ್ನಿನ ಎಂ/96 ಮೌಸರನ್ನು ತೆಗೆದುಕೊಳ್ಳಿ. ಅದರ ಹಿಂಬದಿಯ ಮರದಲ್ಲಿ ನಾಣ್ಯದಂಥ ಒಂದು ಹಿತ್ತಾಳೆ ಬಿಲ್ಲೆ ಕೂರಿಸಿರುತ್ತಾರೆ. ನಳಿಗೆಯ ಒಳವ್ಯಾಸ ಎಷ್ಟಿದೆ, ಅದು ಎಷ್ಟು ಸವೆದಿದೆ ಎಂಬುದನ್ನು ಸೇನೆಯ ಶಸ್ತ್ರಶಿಲ್ಪಿ ಪರೀಕ್ಷಿಸಿ ಆ ಬಿಲ್ಲೆಯ ಮೇಲೆ ಗುರುತು ಹಾಕುತ್ತಿದ್ದ. ಸ್ವಿಟ್ಜರ್ಲೆಂಡಿನ ಕೆ31 ರೈಫಲ್ಲಿನ ಹಿಂಬದಿಯ ಲೋಹದ ಫಲಕವನ್ನು ಬಿಚ್ಚಿದರೆ, ಎಷ್ಟೋ ಸಲ ಅದರಡಿ ಮಡಿಸಿಟ್ಟ ಒಂದು ಚೀಟಿ ಸಿಗುತ್ತದೆ. ಆ ರೈಫಲ್ ಯಾವ ಸೈನಿಕನ ಪಾಲಿಗೆ ಬಂದಿತ್ತು, ಅವನ ತುಕಡಿ ಯಾವುದು, ಊರು ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ಸೇವೆ ಮುಗಿಸಿದ ಸೈನಿಕ ತನ್ನ ರೈಫಲ್ಲನ್ನು ತಾನೇ ಇಟ್ಟುಕೊಂಡರೆ ರಿಸೀವರಿನ ಮೇಲೆ ಒಂದು ‘ಪಿ’ ಮುದ್ರೆ ಬೀಳುತ್ತಿತ್ತು, ಖಾಸಗಿ ಸ್ವತ್ತಾಯಿತು ಎಂಬ ಗುರುತಿಗೆ.

ಕಾರ್98ಕೆಯ ಮೇಲಿನ ‘ಬಿವೈಎಫ್’ ಎಂಬ ಮೂರಕ್ಷರ ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಯ ಗುಪ್ತ ಗುರುತು. ‘ಬಿಎನ್‌ಜೆಡ್’ ಆಸ್ಟ್ರಿಯಾದ ಸ್ಟೈಯರ್‌ನದು. ಹೊಸದಾಗಿ ಹೊರಬಂದಾಗ ಇದರ ಬೋಲ್ಟ್, ರಿಸೀವರ್, ಪಟ್ಟಿಗಳು ಎಲ್ಲದರ ಮೇಲೂ ಒಂದೇ ಕ್ರಮಸಂಖ್ಯೆಯ ಅಂಕಿಗಳಿದ್ದವು. ಸೋವಿಯತ್ ಒಕ್ಕೂಟದ ಕೆಂಪು ಸೇನೆ ಇವನ್ನು ರಾಶಿರಾಶಿಯಾಗಿ ವಶಪಡಿಸಿಕೊಂಡು ಯುದ್ಧದ ನಂತರ ದುರಸ್ತಿ ಮಾಡಿತು. ಎಲ್ಲವನ್ನೂ ಬಿಚ್ಚಿ, ಒಟ್ಟಿಗೆ ಕಪ್ಪು ಬಣ್ಣದಲ್ಲಿ ಅದ್ದಿ, ಕೈಗೆ ಸಿಕ್ಕ ಭಾಗಗಳನ್ನು ಜೋಡಿಸಿ, ವಿದ್ಯುತ್ ಲೇಖನಿಯಿಂದ ಹೊಸ ಅಂಕಿ ಗೀಚಿ, ಮರಕ್ಕೆ ಕೆಂಪಗಿನ ಅರಗಿನ ಹೊಳಪು ಬಳಿದರು. ನಾಜಿ ಸ್ವಸ್ತಿಕವಿದ್ದ ಹದ್ದಿನ ಮುದ್ರೆಗಳನ್ನು ಹಲವು ರೈಫಲ್‌ಗಳಲ್ಲಿ ಬಡಿದು ಅಳಿಸಿದರು. ಸಂಗ್ರಾಹಕರು ಇಂಥವಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ. ಆದರೆ ಗೆದ್ದ ಸೇನೆಯೊಂದು ಸೋತವರ ಆಯುಧವನ್ನು ಏನು ಮಾಡಿತು ಎಂಬುದಕ್ಕೆ ಆ ಗೀಚಿದ ಅಂಕಿಗಿಂತ ಒಳ್ಳೆಯ ಸಾಕ್ಷಿ ಯಾವುದಿದೆ? ಇಂದು ಯಾರಾದರೂ ಆ ಕೆಂಪು ಹೊಳಪನ್ನು ಕೆರೆದು, ಗೀಚಿದ ಅಂಕಿಯನ್ನು ಉಜ್ಜಿ, ಹೊಸ ಹದ್ದನ್ನು ಕೆತ್ತಿ 1943ರ ರೈಫಲ್ ಎಂದು ನಿಲ್ಲಿಸಿದರೆ ಅವರು ಎರಡು ಇತಿಹಾಸಗಳನ್ನು ಒಟ್ಟಿಗೆ ಅಳಿಸಿದ್ದಾರೆ.

ಮೋಸಿನ್ನಿನ ಫಿನ್ಲೆಂಡ್ ರೂಪವಾದ ಎಂ39ರ ಕತೆ ಇನ್ನೂ ಚೆನ್ನಾಗಿದೆ. ಫಿನ್ಲೆಂಡ್ ಮೋಸಿನ್ನಿನ ರಿಸೀವರನ್ನು ಎಂದೂ ತಾನು ತಯಾರಿಸಲಿಲ್ಲ. ರಷ್ಯಾದ ದೊರೆ ತ್ಸಾರನ ಸೇನೆಯಿಂದ, ನಂತರ ಸೋವಿಯತ್ತರಿಂದ ಕೈವಶವಾದ ರಿಸೀವರುಗಳಿಗೇ ತನ್ನ ಉತ್ತಮ ನಳಿಗೆ, ತನ್ನ ಮರ, ತನ್ನ ಗುರಿಕಿಂಡಿಗಳನ್ನು ಜೋಡಿಸಿತು. ಮರ ಬಿಚ್ಚಿ ರಿಸೀವರಿನ ಹಿಂಬಾಲವನ್ನು ನೋಡಿದರೆ 1890ರ ದಶಕದ ವರ್ಷ ಕಾಣಬಹುದು. ಮೊದಲ ಮಹಾಯುದ್ಧದಲ್ಲಿ ತ್ಸಾರನಿಗಾಗಿ ಅಮೆರಿಕದ ರೆಮಿಂಗ್ಟನ್ ತಯಾರಿಸಿದ ರಿಸೀವರೂ ಸಿಗಬಹುದು. ಎಂ39 ಅಂದರೆ ಇಡೀ ಒಂದು ಮಾರ್ಪಾಡು. ಮಾರ್ಪಡಿಸಿದ ರೈಫಲ್ ಅಸಲಿಯಲ್ಲ ಎಂದು ಸಾರಾಸಗಟಾಗಿ ಹೇಳುವವರು ಇದರ ಮುಂದೆ ಸುಮ್ಮನಾಗಬೇಕಾಗುತ್ತದೆ.

ಗುರಿಸ್ಪರ್ಧೆಯ ರೈಫಲ್‌ಗಳನ್ನು ನೋಡಬೇಕಾದದ್ದೂ ಇದೇ ಕಣ್ಣಿನಿಂದ. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿದ್ದು 1859ರಲ್ಲಿ. 1890ರಿಂದ ಅದರ ಸ್ಪರ್ಧೆಗಳು ಇಂಗ್ಲೆಂಡಿನ ಬಿಸ್ಲಿಯ ಗುರಿ ಮೈದಾನದಲ್ಲಿ ನಡೆಯುತ್ತಿವೆ. ಅಲ್ಲಿ ದಶಕಗಳ ಕಾಲ ಸೇನೆಯ ರೈಫಲ್ಲೇ ಸ್ಪರ್ಧೆಯ ರೈಫಲ್ಲೂ ಆಗಿತ್ತು. ಲೀ-ಎನ್‌ಫೀಲ್ಡಿನ ಬೋಲ್ಟ್ ಹಿಂಭಾಗದಲ್ಲಿ ಬಿಗಿಯಾಗುತ್ತದೆ. ಹಾಗಾಗಿ ಗುಂಡು ಹಾರುವಾಗ ಇಡೀ ರಚನೆ ತುಸು ಬಾಗಿ ನಳಿಗೆಯ ಬಾಯಿ ಮೇಲೆ ಕೆಳಗೆ ಅದುರುತ್ತದೆ. ನಿಧಾನಗತಿಯ ಗುಂಡು ತುಸು ತಡವಾಗಿ, ಬಾಯಿ ಇನ್ನಷ್ಟು ಮೇಲೆದ್ದ ಕ್ಷಣದಲ್ಲಿ ಹೊರಬೀಳುತ್ತದೆ. ವೇಗದ ಗುಂಡು ಅದಕ್ಕಿಂತ ಮೊದಲೇ, ಬಾಯಿ ಕೆಳಗಿರುವಾಗ. ಸಾವಿರ ಗಜದ ಹೊತ್ತಿಗೆ ಎರಡೂ ಒಂದೇ ಎತ್ತರಕ್ಕೆ ಬಂದು ಸೇರುತ್ತವೆ. ಹತ್ತಿರದ ಗುರಿಗೆ ಅಷ್ಟೇನೂ ಮೆಚ್ಚುಗೆ ಪಡೆಯದ, .303 ಇಂಚಿನ ತೋಟಾದ ಈ ರೈಫಲ್ ದೂರದ ಗುರಿಯಲ್ಲಿ ಎಲ್ಲರನ್ನೂ ಬೆರಗುಗೊಳಿಸುತ್ತಿದ್ದುದು ಈ ಗುಣದಿಂದ. ಗುರಿಕಾರರು ಇದಕ್ಕೆ ಪಾರ್ಕರ್-ಹೇಲ್ ಕಂಪನಿಯ ಸಣ್ಣ ಕಿಂಡಿಯ ಗುರಿಸಾಧನವನ್ನು ಇದ್ದ ತಿರುಪಿನ ತೂತುಗಳಿಗೇ ಸಿಕ್ಕಿಸುತ್ತಿದ್ದರು. ಹೊಸ ತೂತು ಬೇಡ, ಬೇಡವಾದಾಗ ಬಿಚ್ಚಿದರೆ ರೈಫಲ್ ಮೊದಲಿನಂತೆ. ಇಂಥ ಮಾರ್ಪಾಡಿಗೆ ನನ್ನ ಪೂರ್ಣ ಸಮ್ಮತಿ.

1960ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸ್ಪರ್ಧೆಗಳು 7.62 ಮಿಲಿಮೀಟರಿನ ತೋಟಾಕ್ಕೆ ಹೊರಳಿದಾಗ ಲೀ-ಎನ್‌ಫೀಲ್ಡಿನ ನಂಬರ್ 4 ಮಾದರಿಗೆ ದಪ್ಪ ನಳಿಗೆ ಕೂರಿಸಿ ಎಲ್39, ಎನ್ವಾಯ್ ಎಂಬ ಗುರಿ ರೈಫಲ್‌ಗಳು ಎನ್‌ಫೀಲ್ಡ್ ಕಾರ್ಖಾನೆಯಲ್ಲೇ ಹುಟ್ಟಿದವು. ಸ್ವೀಡನ್ನಿನ ಕಾರ್ಲ್ ಗುಸ್ಟಾಫ್ ಕಾರ್ಖಾನೆ ಹಳೆಯ ಎಂ/96 ರಿಸೀವರುಗಳಿಂದ ಸಿಜಿ63 ಎಂಬ ಸೊಗಸಾದ ಗುರಿ ರೈಫಲ್ ಕಟ್ಟಿತು. ಇವುಗಳ ಅಂಗಾಂಗಗಳನ್ನು ಬಿಚ್ಚಿ ಸೇನಾ ರೈಫಲ್ಲಿನ ವೇಷ ತೊಡಿಸುವವರು ಇದ್ದಾರೆ. ಅದು ತಿಳಿಗೇಡಿತನ. ಒಂದು ಕ್ರೀಡೆ ತನಗೆ ಬೇಕಾದ ಸಲಕರಣೆಯನ್ನು ಹೇಗೆ ರೂಪಿಸಿಕೊಂಡಿತು ಎಂಬುದರ ದಾಖಲೆ ಅದರಿಂದ ಹರಿದುಹೋಗುತ್ತದೆ.

ಸ್ಪರ್ಧೆಯ ನಿಯಮಗಳು ರೈಫಲ್‌ಗಳನ್ನು ಕಾಪಾಡಬಲ್ಲವು ಎಂಬುದಕ್ಕೆ ಅಮೆರಿಕದಲ್ಲಿ ಒಳ್ಳೆಯ ಉದಾಹರಣೆಯಿದೆ. ಹಳೆಯ ಗ್ಯಾರಂಡ್‌ಗಳನ್ನು ನಾಗರಿಕರಿಗೆ ಮಾರುವ ‘ನಾಗರಿಕ ಗುರಿಕಾರಿಕೆ ಕಾರ್ಯಕ್ರಮ’ ಎಂಬ ಸಂಸ್ಥೆ ನಡೆಸುವ ಗ್ಯಾರಂಡ್ ಸ್ಪರ್ಧೆಯಲ್ಲಿ ರೈಫಲ್ ಸೇನೆ ಕೊಟ್ಟ ರೂಪದಲ್ಲೇ ಇರಬೇಕು. ರಿಸೀವರ್ ಅಲುಗದಂತೆ ಮರದೊಳಗೆ ಅಂಟು ತುಂಬುವಂತಿಲ್ಲ, ಟ್ರಿಗರಿನ ಎಳೆತ 4.5 ಪೌಂಡಿಗಿಂತ ಹಗುರವಾಗುವಂತಿಲ್ಲ. ಈ ನಿಯಮ ಬಂದ ಮೇಲೆ ಗ್ಯಾರಂಡನ್ನು ಮುಟ್ಟದೆ ಬಿಡುವುದಕ್ಕೆ ಗುರಿಕಾರನಿಗೇ ಒಂದು ಕಾರಣ ಸಿಕ್ಕಿತು. ಸಾವಿರ ಉಪದೇಶಗಳಿಂದ ಆಗದ ಕೆಲಸವನ್ನು ಒಂದು ಸ್ಪರ್ಧಾ ನಿಯಮ ಮಾಡಿದೆ.

ಮಾರ್ಪಾಡಿನ ಚರ್ಚೆಯಲ್ಲಿ ಸುರಕ್ಷತೆಯನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನಲ್ಲಿ, ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲೇ ತಯಾರಾದವುಗಳ ಪೈಕಿ 8,00,000ಕ್ಕಿಂತ ಕೆಳಗಿನ ಕ್ರಮಸಂಖ್ಯೆಯವನ್ನು ಹಾರಿಸಬಾರದೆಂದು ಬಲ್ಲವರು ಎಚ್ಚರಿಸುತ್ತಾರೆ. ಆ ದಿನಗಳಲ್ಲಿ ಉಕ್ಕು ಎಷ್ಟು ಕಾದಿದೆ ಎಂದು ಕೆಲಸಗಾರ ಅದರ ಬಣ್ಣ ನೋಡಿ ಕಣ್ಣಂದಾಜಿನಿಂದ ನಿರ್ಧರಿಸುತ್ತಿದ್ದ. ಬಿಸಿಲಿನ ದಿನ ಕಂಡ ಬಣ್ಣ ಮೋಡದ ದಿನ ಕಾಣುತ್ತಿರಲಿಲ್ಲ. ಅತಿಯಾಗಿ ಕಾದ ರಿಸೀವರುಗಳು ಪೆಡಸಾಗಿ ಕೆಲವು ಒಡೆದೇಹೋದವು. 1918ರಲ್ಲಿ ವಿಧಾನ ಬದಲಾಯಿತು. ಇಂಥದೊಂದು ರಿಸೀವರಿಗೆ ಹೊಸ ನಳಿಗೆ, ಹೊಸ ಮರ ತೊಡಿಸಿ ಬೇಟೆ ರೈಫಲ್ ಎಂದು ಮಾರಿದರೆ, ಕೊಂಡವನ ಕೆನ್ನೆಯ ಪಕ್ಕದಲ್ಲಿರುವುದು ಆ ಹಳೆಯ ಉಕ್ಕೇ. ಭಾರತದ ಈಶಾಪುರ ಕಾರ್ಖಾನೆ 1960ರ ದಶಕದಲ್ಲಿ 7.62ರ ತೋಟಾಕ್ಕೆಂದು 2ಎ ರೈಫಲ್ ತಯಾರಿಸುವಾಗ ಹಳೆಯ ವಿನ್ಯಾಸಕ್ಕೇ ಹೆಚ್ಚು ಗಟ್ಟಿಯಾದ ಉಕ್ಕನ್ನು ಬಳಸಿತು. ಮನೆಯಲ್ಲಿ ತೋಟಾ ಬದಲಿಸಿ ನೋಡುವವರಿಗೆ ಅಂಥ ಸೌಲಭ್ಯವಿಲ್ಲ. ಮೂಲ ತೋಟಾಕ್ಕಿಂತ ಹೆಚ್ಚಿನ ಒತ್ತಡದ ತೋಟಾಕ್ಕೆ ಹಳೆಯ ಸೇನಾ ರೈಫಲ್ಲನ್ನು ಹೊಂದಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಮಾರುಕಟ್ಟೆಗೆ ಬರೋಣ. ಅತಿ ಹೆಚ್ಚು ನಕಲಾಗಿರುವ ರೈಫಲ್‌ಗಳಲ್ಲಿ ಬ್ರಿಟನ್ನಿನ ನಂಬರ್ 4 (ಟಿ) ಒಂದು. ನಿಖರತೆಗೆಂದು ಆರಿಸಿದ ಲೀ-ಎನ್‌ಫೀಲ್ಡ್‌ಗಳಿಗೆ ಎರಡನೇ ಮಹಾಯುದ್ಧದಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಟೆಲಿಸ್ಕೋಪ್ ಜೋಡಿಸಿ ಕೊಟ್ಟಿತು. ಅಂಥವು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅಸಲಿಯನ್ನು ಗುರುತಿಸುವವರು ಮೊದಲು ರಿಸೀವರಿನ ಎಡಬದಿಯ ‘ಟಿಆರ್’ ಮುದ್ರೆಯನ್ನೂ, ಹಿಂಬದಿ ಮರದ ಅಡಿಯಲ್ಲಿರುವ ‘ಎಸ್51’ ಎಂಬ ಹಾಲೆಂಡ್ ಕಂಪನಿಯ ಗುರುತನ್ನೂ ನೋಡುತ್ತಾರೆ. ಆಮೇಲೆ ಕೈ ಹಿಡಿಯುವಲ್ಲಿ ಮರದ ಮೇಲೆ ಒತ್ತಿದ ಸಂಖ್ಯೆ ಟೆಲಿಸ್ಕೋಪಿನ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ತೊಂದರೆಯೇನೆಂದರೆ, ಈ ಎಲ್ಲ ಮುದ್ರೆಗಳ ಅಚ್ಚುಗಳನ್ನೂ ಯಾರು ಬೇಕಾದರೂ ಮಾಡಿಸಬಹುದು. ಒಮ್ಮೆ ಕೊಯ್ದ ರೈಫಲ್ಲಿಗೆ ಮರ ಜೋಡಿಸಿ ಸೇನಾ ರೂಪಕ್ಕೆ ತರುವುದರಲ್ಲಿ ತಪ್ಪಿಲ್ಲ. ಅದು ಪ್ರೀತಿಯ ಕೆಲಸ, ನೋಡಲೂ ಚೆಂದ. ಆದರೆ ಹೊಸ ಮರದ ಮೇಲೆ ಹಳೆಯ ಮುದ್ರೆ ಒತ್ತಿದ ಕ್ಷಣದಿಂದ ಅದು ಸುಳ್ಳು ದಾಖಲೆ. ಮಾಡಿದಾತ ಮೋಸದ ಉದ್ದೇಶದಿಂದ ಮಾಡದಿರಬಹುದು. ಅವನ ನಂತರ ಅದು ಮೂರು ಕೈ ದಾಟಿದಾಗ ಸತ್ಯ ಹೇಳಲು ಅವನು ಇರುವುದಿಲ್ಲ. ಪುನಾರಚನೆ ಮಾಡುವವರು ತಮ್ಮ ಗುರುತನ್ನೂ ವರ್ಷವನ್ನೂ ಮರದ ಒಳಬದಿಯಲ್ಲಿ ಅಳಿಯದಂತೆ ಬರೆಯಬೇಕು. ಮಾರುವವರು ಯಾವ ಭಾಗ ಬದಲಾಗಿದೆ ಎಂದು ರಸೀದಿಯಲ್ಲೇ ಬರೆದು ಕೊಡಬೇಕು. ಬರೆದು ಕೊಡಲು ಹಿಂಜರಿಯುವ ಮಾರಾಟಗಾರನಿಂದ ದೂರವಿರುವುದೇ ಲೇಸು.

ಕಾನೂನಿನ ಪಾತ್ರ ಇಲ್ಲಿ ವಿಚಿತ್ರವಾಗಿದೆ. ಅಮೆರಿಕದಲ್ಲಿ 50 ವರ್ಷ ದಾಟಿದ ರೈಫಲ್ ಮೂಲ ರೂಪದಲ್ಲಿದ್ದರೆ ಮಾತ್ರ ಆ ವಯಸ್ಸಿನ ಆಧಾರದ ಮೇಲೆ ಸಂಗ್ರಹವಸ್ತು ಎನಿಸುತ್ತದೆ. ಮರ ಕೊಯ್ದರೆ ಆ ಮನ್ನಣೆ ಹೋಗುತ್ತದೆ. ಮೂಲ ರೂಪಕ್ಕೆ ಬೆಲೆ ಕೊಡುವ ಒಳ್ಳೆಯ ನಿಯಮವಿದು. ಅದೇ ದೇಶ ಆಮದಾದ ಪ್ರತಿ ರೈಫಲ್ಲಿನ ಲೋಹದ ಮೇಲೂ ಆಮದುದಾರನ ಹೆಸರು, ಊರುಗಳನ್ನು ಕೆತ್ತಿಸುತ್ತದೆ. ಪತ್ತೆಗೆ ಅದು ಬೇಕು, ನಿಜ. ನೂರು ವರ್ಷದ ಮುದ್ರೆಗಳ ಪಕ್ಕದಲ್ಲಿ ಯಂತ್ರ ಚುಕ್ಕಿಯಿಟ್ಟು ಬರೆದ ಸಾಲು ಎದ್ದು ಕಂಡು ಕಣ್ಣಿಗೆ ಚುಚ್ಚುತ್ತದೆ.

ಯುರೋಪಿನಲ್ಲಿ ಪ್ರಶ್ನೆ ಇನ್ನೂ ಗಂಭೀರ. 2015ರ ಜನವರಿಯ ಪ್ಯಾರಿಸ್ ದಾಳಿಯಲ್ಲಿ, ಸ್ಲೊವಾಕಿಯಾದಲ್ಲಿ ಸದ್ದು ಮಾತ್ರ ಮಾಡುವಂತೆ ಬದಲಿಸಿ ಮಾರಿದ್ದ ಆಯುಧಗಳನ್ನು ಮತ್ತೆ ಜೀವಂತಗೊಳಿಸಿ ಬಳಸಿದ್ದರು. ಆ ವರ್ಷದ ಕೊನೆಗೆ ಯುರೋಪಿಯನ್ ಒಕ್ಕೂಟ ಆಯುಧಗಳನ್ನು ಬೆಸೆದು, ಕೊರೆದು ನಿಷ್ಕ್ರಿಯಗೊಳಿಸುವ ಏಕರೂಪದ ಕಟ್ಟುನಿಟ್ಟಾದ ಮಾನದಂಡವನ್ನು ತಂದಿತು. 2016ರ ಏಪ್ರಿಲಿನಿಂದ ಅದು ಜಾರಿಯಲ್ಲಿದೆ. ಜನರ ಪ್ರಾಣದ ಮುಂದೆ ಸಂಗ್ರಾಹಕನ ಬೇಸರಕ್ಕೆ ತೂಕವಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಆ ಅಪಾಯ ಹುಟ್ಟಿದ್ದು ಸುಲಭವಾಗಿ ಮರಳಿ ಹೊಂದಿಸಬಹುದಾದ ಸ್ವಯಂಚಾಲಿತ ಆಯುಧಗಳಿಂದ. 1916ರ ಕೈಬೋಲ್ಟಿನ ರೈಫಲ್ಲಿಗೂ ಅದೇ ಬೆಸುಗೆ, ಅದೇ ಕೊರೆತ ಬಿದ್ದಾಗ, ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಮುಂದಿನವರಿಗೆ ತೋರಿಸುವ ದಾರಿಯೇ ಮುಚ್ಚಿಹೋಗುತ್ತದೆ. ನ್ಯೂಜಿಲೆಂಡ್ ಕ್ರೈಸ್ಟ್‌ಚರ್ಚ್ ಹತ್ಯಾಕಾಂಡದ ನಂತರ 2019ರಲ್ಲಿ ಬಹುಪಾಲು ಅರೆಸ್ವಯಂಚಾಲಿತ ಆಯುಧಗಳನ್ನು ನಿಷೇಧಿಸಿದಾಗ, ಪರವಾನಗಿಯುಳ್ಳ ಸಂಗ್ರಾಹಕರು ಮುಖ್ಯ ಭಾಗವೊಂದನ್ನು ಕಳಚಿ ಬೇರೆಡೆ ಭದ್ರವಾಗಿಟ್ಟರೆ ಆಯುಧವನ್ನು ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಗುಂಡು ಹಾರುವುದಿಲ್ಲ, ವಸ್ತುವೂ ಹಾಳಾಗುವುದಿಲ್ಲ. ಬೇರೆ ದೇಶಗಳು ನೋಡಿ ಕಲಿಯಬೇಕಾದ ಮಾದರಿಯಿದು.

ಮುಂದಿನ ಹತ್ತಿಪ್ಪತ್ತು ವರ್ಷಗಳ ನಿಜವಾದ ಸಮಸ್ಯೆ ಮಾತ್ರ ಗರಗಸವೂ ಅಲ್ಲ, ನಕಲಿ ಮುದ್ರೆಯೂ ಅಲ್ಲ. ಅಗ್ಗದ ದಿನಗಳಲ್ಲಿ ಕೊಂಡು ಕೂಡಿಟ್ಟ ತಲೆಮಾರು ವಯಸ್ಸಾಗಿ ಕಣ್ಮರೆಯಾಗುತ್ತಿದೆ. ಮನೆಯವರಿಗೆ ಆ ರೈಫಲ್‌ಗಳ ಬಗ್ಗೆ ತಿಳಿವಳಿಕೆಯಿಲ್ಲ, ಪರವಾನಗಿಯೂ ಇಲ್ಲ. ಪೊಲೀಸರಿಗೆ ಒಪ್ಪಿಸಿದರೆ ಅನೇಕ ದೇಶಗಳಲ್ಲಿ ಅವು ನೇರವಾಗಿ ನಾಶಕ್ಕೆ ಹೋಗುತ್ತವೆ. ವ್ಯಾಪಾರಿಗೆ ಕೊಟ್ಟರೆ ಕಾಗದಪತ್ರಗಳೂ ನೆನಪುಗಳೂ ರೈಫಲ್ಲಿನಿಂದ ಬೇರ್ಪಡುತ್ತವೆ. ಇಟ್ಟುಕೊಂಡವರು ಈಗಲೇ ಮಾಡಬೇಕಾದ ಕೆಲಸವೊಂದಿದೆ. ಪ್ರತಿ ರೈಫಲ್ಲಿನ ಕ್ರಮಸಂಖ್ಯೆ, ಮುದ್ರೆಗಳ ಚಿತ್ರ, ಎಲ್ಲಿಂದ ಬಂತು, ಯಾವ ಭಾಗವನ್ನು ಯಾವಾಗ ಯಾರು ಬದಲಿಸಿದರು ಎಂಬುದನ್ನು ಬರೆದು ರೈಫಲ್ಲಿನ ಜೊತೆಗೇ ಇಡಬೇಕು. ತಾವು ಹೋದ ಮೇಲೆ ಅದು ಯಾವ ಪರವಾನಗಿದಾರರಿಗೆ ಅಥವಾ ಯಾವ ಸಂಗ್ರಹಾಲಯಕ್ಕೆ ಸೇರಬೇಕೆಂದು ಉಯಿಲಿನಲ್ಲಿ ಹೆಸರಿಸಬೇಕು. ಆಯುಧ ಸ್ವೀಕರಿಸುವ ಪೊಲೀಸ್ ಠಾಣೆಗಳೂ ಕುಲುಮೆಗೆ ಕಳಿಸುವ ಮುನ್ನ ತಿಳಿದವರೊಬ್ಬರಿಗೆ ತೋರಿಸಿ, ಚಿತ್ರ ತೆಗೆದು, ಅಪರೂಪದ್ದನ್ನು ಸಂಗ್ರಹಾಲಯಕ್ಕೆ ವರ್ಗಾಯಿಸುವ ನಿಯಮ ಎಲ್ಲೆಡೆ ಬರಬೇಕು. ಇದಕ್ಕೆ ತಗಲುವ ಖರ್ಚು ಅಲ್ಪ, ಯಾರ ಸುರಕ್ಷತೆಗೂ ಧಕ್ಕೆಯಿಲ್ಲ. ಶಾಸಕರ ಮುಂದೆ ಸಂಗ್ರಾಹಕರ ಸಂಘಗಳು ಮೊದಲು ಇಡಬೇಕಾದ ಬೇಡಿಕೆ ಇದೇ.